ಅಮೆರಿಕದ ಮಾರ್ಚ್, ಬ್ರಿಟನ್ನಿನ ಮಾರ್ಚ್: ಒಂದೇ ನಡಿಗೆ, ಎರಡು ಮನೆತನ

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿತವಳು. ಶಾಲೆಯಲ್ಲಿ ಸಂಗೀತ ಶಿಕ್ಷಕಿಯಾಗಿರುವುದರಿಂದ ಬ್ಯಾಂಡ್ ತಂಡದ ಹೊಣೆಯೂ ಈಗ ನನ್ನ ಮೇಲೆ ಬಂದಿದೆ. ವಾರ್ಷಿಕೋತ್ಸವಕ್ಕೆ ಎರಡು ಮಾರ್ಚ್‌ಗಳನ್ನು, ಅಂದರೆ ಪಡೆಯ ಹೆಜ್ಜೆಯ ತಾಳಕ್ಕೆ ನುಡಿಸುವ ಬ್ಯಾಂಡ್ ಕೃತಿಗಳನ್ನು, ಆರಿಸಿಕೊಂಡಿದ್ದೇವೆ: ಅಮೆರಿಕದ ‘ದ ಥಂಡರರ್’ ಮತ್ತು ಬ್ರಿಟನ್ನಿನ ‘ಕರ್ನಲ್ ಬೋಗಿ’. ಎರಡನ್ನೂ ಒಂದೇ ವೇಗದಲ್ಲಿ, ಒಂದೇ ರೀತಿಯಲ್ಲಿ ಕಲಿಸಿದೆ. ಸ್ವರಗಳೆಲ್ಲ ಸರಿಯಾಗಿವೆ, ಆದರೂ ಒಂದಾದರೂ ಧ್ವನಿಮುದ್ರಣದಲ್ಲಿ ಕೇಳಿದ ಹಾಗೆ ಬರುತ್ತಿಲ್ಲ. ಈ ಎರಡು ದೇಶಗಳ ಮಾರ್ಚ್‌ಗಳಿಗೆ ನಿಜವಾದ ವ್ಯತ್ಯಾಸವಿದೆಯೇ, ಅಥವಾ ಅದು ವೇಗದ ಮಾತಷ್ಟೆಯೇ? ನಮ್ಮ ಭಾರತೀಯ ಸೇನಾ ಬ್ಯಾಂಡ್‌ಗಳು ಯಾವ ದಾರಿಯವು?

ಉತ್ತರ: ವೇಗವೂ ಒಂದು ಕಾರಣ, ಆದರೆ ಚಿಕ್ಕ ಕಾರಣ. ವ್ಯತ್ಯಾಸದ ಬೇರು ಇನ್ನೂ ಆಳದಲ್ಲಿದೆ. ಬ್ರಿಟನ್ನಿನಲ್ಲಿ ಮಾರ್ಚ್ ಎಂದರೆ ಒಂದು ರೆಜಿಮೆಂಟಿನ ಆಸ್ತಿ. ಅಮೆರಿಕದಲ್ಲಿ ಅದು ಒಬ್ಬ ಸಂಯೋಜಕರ ಕೃತಿ. ಟಿಕೆಟ್ ಕೊಂಡು ಬಂದು ಕುಳಿತವರನ್ನು ಎರಡೂವರೆ ಮೂರು ನಿಮಿಷದಲ್ಲಿ ಗೆಲ್ಲಬೇಕಾದ ಕೃತಿ. ನಿಮ್ಮ ಕಿವಿಗೆ ತಾಗಿದ ಬಹುಪಾಲು ವ್ಯತ್ಯಾಸಗಳು, ಅಂದರೆ ತಾಳದ ಒತ್ತು, ಮುಕ್ತಾಯ, ಮೆಲು ದನಿ, ಏರು ದನಿ ಎಲ್ಲವೂ, ಇಲ್ಲಿಂದಲೇ ಹುಟ್ಟಿವೆ. ನೀವು ಕರ್ನಾಟಕ ಸಂಗೀತ ಬಲ್ಲವರಾದ್ದರಿಂದ ಅದರ ಭಾಷೆಯಲ್ಲೇ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಮಾರ್ಚ್‌ನ ರಚನೆಯನ್ನು ಆ ದಾರಿಯಿಂದ ಹಿಡಿಯುವುದು ನಿಜಕ್ಕೂ ಸುಲಭ.

ಮೊದಲು ಬ್ರಿಟನ್. ಅಲ್ಲಿನ ಸೇನೆಯಲ್ಲಿ ಪ್ರತಿ ರೆಜಿಮೆಂಟಿಗೂ ತನ್ನದೇ ಆದ ವೇಗದ ಮಾರ್ಚ್ ಇದೆ. ಬಹಳಷ್ಟು ರೆಜಿಮೆಂಟುಗಳಿಗೆ ತಮ್ಮದೇ ನಿಧಾನ ಮಾರ್ಚ್ ಕೂಡ ಇದೆ. ಆ ಧಾಟಿ ಕೇಳಿದ ಕೂಡಲೇ ಯಾವ ಪಡೆ ಬರುತ್ತಿದೆ ಎಂದು ತಿಳಿದವರು ಹೇಳಿಬಿಡುತ್ತಾರೆ. ಈ ಧಾಟಿಗಳನ್ನು ಬರೆದವರು ಯಾರು ಎಂಬುದು ಅಲ್ಲಿ ದೊಡ್ಡ ವಿಷಯವಲ್ಲ. ಗ್ರೆನೇಡಿಯರ್ ಗಾರ್ಡ್ಸ್‌ನ ನಿಧಾನ ಮಾರ್ಚ್ ಹ್ಯಾಂಡೆಲ್ ಅವರ ‘ಸಿಪಿಯೋ’ ಆಪೆರಾದಿಂದ ಬಂದದ್ದು. ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಮೊತ್ಸಾರ್ಟ್ ಅವರ ‘ಫಿಗಾರೋ’ದ ಒಂದು ಹಾಡಿಗೆ ಹೆಜ್ಜೆ ಹಾಕುತ್ತಾರೆ. ಉಳಿದವುಗಳಲ್ಲಿ ಎಷ್ಟೋ ಹಳ್ಳಿಯ ಜನಪದ ಹಾಡುಗಳು, ಬೇಟೆಯ ಹಾಡುಗಳು, ಕುಣಿತದ ಧಾಟಿಗಳು.

ಶತ್ರುವಿನ ಧಾಟಿಯೂ ಒಂದುಂಟು! 1793ರ ಮೇ ತಿಂಗಳಲ್ಲಿ ಫಮಾರ್ ಎಂಬಲ್ಲಿ ಫ್ರೆಂಚ್ ಕ್ರಾಂತಿಪಡೆಯ ಎದುರು ಬ್ರಿಟಿಷರ 14ನೆಯ ಪದಾತಿ ರೆಜಿಮೆಂಟ್ ಕಾದಾಡುತ್ತಿತ್ತು. ಫ್ರೆಂಚರು ತಮ್ಮ ‘ಸಾ ಇರಾ’ ಎಂಬ ಕ್ರಾಂತಿಗೀತೆಯನ್ನು ನುಡಿಸುತ್ತ ಹುರುಪಿನಲ್ಲಿದ್ದರು. ಆ ರೆಜಿಮೆಂಟಿನ ದಳಪತಿ ಡಾಯ್ಲ್ ಅದೇ ಧಾಟಿಯನ್ನು ನುಡಿಸುವಂತೆ ತನ್ನ ಡ್ರಮ್ ವಾದಕರಿಗೆ ಆಜ್ಞೆ ಕೊಟ್ಟ. ಅವರದೇ ಹಾಡಿನಿಂದ ಅವರನ್ನು ಸೋಲಿಸುವ ಹಟ. ಮುಂದೆ ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಎನಿಸಿಕೊಂಡ ಆ ಪಡೆಗೆ ‘ಸಾ ಇರಾ’ ಅಧಿಕೃತ ಮಾರ್ಚ್ ಆಯಿತು. ಅಂದಮೇಲೆ ಆ ಧಾಟಿ ಅಲ್ಲಿ ಸಂಗೀತಕ್ಕಿಂತ ಹೆಚ್ಚಾಗಿ ಒಂದು ಬಿರುದು, ಗೆದ್ದು ತಂದ ಬಾವುಟ. ಯಾವ ಬ್ಯಾಂಡ್‌ಮಾಸ್ಟರನೂ ಅದರ ಒಂದು ಸ್ವರವನ್ನು ತನ್ನ ಇಷ್ಟಕ್ಕೆ ತಿದ್ದಲು ಹೋಗುವುದಿಲ್ಲ. ರೆಜಿಮೆಂಟುಗಳು ಒಂದಾದಾಗ ಧಾಟಿಗಳೂ ಒಂದರ ಬೆನ್ನಿಗೆ ಒಂದು ಸೇರಿಕೊಂಡವು. ರಾಯಲ್ ಆಂಗ್ಲಿಯನ್ ರೆಜಿಮೆಂಟಿನ ಮಾರ್ಚ್ ‘ರೂಲ್ ಬ್ರಿಟಾನಿಯಾ’ ಮತ್ತು ‘ಸ್ಪೀಡ್ ದ ಪ್ಲೌ’ ಎರಡನ್ನೂ ಜೋಡಿಸಿದ್ದು. ಯಾರ ಧಾಟಿಯನ್ನೂ ಬಿಟ್ಟುಕೊಡಲಾಗದು, ಅದಕ್ಕೇ ಈ ಜೋಡಣೆ.

ಈ ಅಭಿಮಾನಕ್ಕೆ ಇನ್ನೊಂದು ಮುಖವೂ ಇತ್ತು. ಬಹುಕಾಲ ರೆಜಿಮೆಂಟಿನ ಬ್ಯಾಂಡ್ ಅಧಿಕಾರಿಗಳ ಸ್ವಂತ ಖರ್ಚಿನಲ್ಲಿ ನಡೆಯುತ್ತಿತ್ತು. ಅವರು ಜರ್ಮನಿ, ಇಟಲಿಗಳಿಂದ ಬ್ಯಾಂಡ್‌ಮಾಸ್ಟರರನ್ನು ಕರೆತರುತ್ತಿದ್ದರು. ಒಬ್ಬರ ವಾದ್ಯ, ಶ್ರುತಿ, ಬರವಣಿಗೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ವೇಳೆ ತುರ್ಕಿಯ ಸ್ಕುಟಾರಿಯಲ್ಲಿ ರಾಣಿಯ ಹುಟ್ಟುಹಬ್ಬದ ಪರೇಡ್ ನಡೆದಾಗ ಸೇರಿದ್ದ ಬ್ಯಾಂಡ್‌ಗಳು ರಾಷ್ಟ್ರಗೀತೆಯನ್ನು ಏಕಕಾಲಕ್ಕೆ ನುಡಿಸಿದವು, ಆದರೆ ಬೇರೆ ಬೇರೆ ಶ್ರುತಿಯಲ್ಲಿ, ಬೇರೆ ಬೇರೆ ಅಳವಡಿಕೆಯಲ್ಲಿ. ಮಿತ್ರಸೇನೆಗಳ ಎದುರು ಆದ ಈ ಮುಜುಗರದ ಬಳಿಕ ಕೇಂಬ್ರಿಜ್ ಡ್ಯೂಕ್ ಮುತುವರ್ಜಿ ವಹಿಸಿ 1857ರಲ್ಲಿ ಲಂಡನ್ ಸಮೀಪದ ನೆಲ್ಲರ್ ಹಾಲ್‌ನಲ್ಲಿ ಸೇನಾ ಸಂಗೀತ ಶಾಲೆ ತೆರೆಸಿದರು. 2021ರವರೆಗೂ ಆ ಶಾಲೆ ಅಲ್ಲಿಯೇ ಇತ್ತು. ಬ್ರಿಟನ್ನಿನ ಸೇನಾ ಬ್ಯಾಂಡ್‌ಗಳ ನಾದದಲ್ಲಿ ನೀವು ಕೇಳುವ ಆ ಒಮ್ಮತ, ಯಾರೂ ಮುನ್ನುಗ್ಗದ ಆ ಶಿಸ್ತು ನೆಲ್ಲರ್ ಹಾಲ್‌ನ ಕೊಡುಗೆ.

‘ಕರ್ನಲ್ ಬೋಗಿ’ಯ ಕರ್ತೃ ಕೆನೆತ್ ಜೆ. ಆಲ್ಫರ್ಡ್ ಈ ಶಾಲೆಯಿಂದಲೇ ಬಂದವರು. ಅವರ ನಿಜವಾದ ಹೆಸರು ಫ್ರೆಡರಿಕ್ ಜೋಸೆಫ್ ರಿಕೆಟ್ಸ್. 1881ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, 1895ರಲ್ಲಿ ರಾಯಲ್ ಐರಿಷ್ ರೆಜಿಮೆಂಟಿನ ಬ್ಯಾಂಡಿಗೆ ಹುಡುಗನಾಗಿ ಸೇರಿದರು. ಆ ರೆಜಿಮೆಂಟಿನೊಂದಿಗೆ ಭಾರತದಲ್ಲಿಯೂ ಇದ್ದರು. 1908ರಿಂದ ಆರ್ಗೈಲ್ ಆಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಪಡೆಯ ಬ್ಯಾಂಡ್‌ಮಾಸ್ಟರ್, ಆಮೇಲೆ ರಾಯಲ್ ಮರೀನ್ಸ್‌ನ ಸಂಗೀತ ನಿರ್ದೇಶಕ. ಸೇವೆಯಲ್ಲಿದ್ದವರು ಹೊರಗಿನ ವೃತ್ತಿಯಲ್ಲಿ ಹೆಸರು ಮಾಡುವುದನ್ನು ಸೇನೆ ಒಪ್ಪುತ್ತಿರಲಿಲ್ಲ. ಅದಕ್ಕಾಗಿಯೇ ತಾಯಿಯ ತವರಿನ ಮನೆತನದ ಹೆಸರನ್ನು ಸೇರಿಸಿಕೊಂಡು ಈ ಕಾವ್ಯನಾಮ ಇಟ್ಟುಕೊಂಡರು. ಬರೆದ ಮಾರ್ಚ್‌ಗಳು ಇಪ್ಪತ್ತನ್ನೂ ಮುಟ್ಟುವುದಿಲ್ಲ. ಆದರೆ ಅವುಗಳಲ್ಲಿ ಕಳಪೆ ಎನ್ನುವಂಥದು ನನಗೆ ಒಂದೂ ಸಿಕ್ಕಿಲ್ಲ.

‘ಕರ್ನಲ್ ಬೋಗಿ’ 1914ರದು. ಸ್ಕಾಟ್ಲೆಂಡಿನ ಫೋರ್ಟ್ ಜಾರ್ಜ್ ಬಳಿಯ ಗಾಲ್ಫ್ ಮೈದಾನದಲ್ಲಿ ಒಬ್ಬ ಆಟಗಾರ, ಚೆಂಡು ಬರುತ್ತಿದೆ ಎಂದು ಎದುರಿನವರನ್ನು ಕೂಗಿ ಎಚ್ಚರಿಸುವ ಬದಲು ಎರಡು ಸ್ವರಗಳನ್ನು ಸಿಳ್ಳೆ ಹಾಕುತ್ತಿದ್ದನಂತೆ. ಆ ಎರಡು ಸ್ವರಗಳೇ ಮಾರ್ಚ್‌ನ ಆರಂಭ. ನಿಮ್ಮ ಲೆಕ್ಕದಲ್ಲಿ ಶಂಕರಾಭರಣದ ಪ–ಗ. ಸೇನೆಯ ಒಳಗಿನ ದಿನನಿತ್ಯದ ಬದುಕಿನಿಂದ ಹೆಕ್ಕಿದ ಒಂದು ಚಿಕ್ಕ ಸದ್ದು. 1957ರ ‘ದ ಬ್ರಿಜ್ ಆನ್ ದ ರಿವರ್ ಕ್ವಾಯ್’ ಚಿತ್ರದಲ್ಲಿ ಸೆರೆಯಾಳುಗಳು ಅದನ್ನು ಸಿಳ್ಳೆಯಲ್ಲೇ ಹಾಕುತ್ತ ನಡೆದುಬಂದ ಮೇಲೆ ಅದು ಜಗತ್ತಿಗೇ ಗೊತ್ತಾಯಿತು.

ಈಗ ಅಟ್ಲಾಂಟಿಕ್‌ನ ಆಚೆ ದಡ. ಆರಂಭದಲ್ಲಿ ಅಲ್ಲಿಯೂ ಬ್ರಿಟಿಷರ ಫೈಫ್ ಕೊಳಲು ಮತ್ತು ಡ್ರಮ್ಮುಗಳ ಸಂಪ್ರದಾಯವೇ ಇತ್ತು. ಅಮೆರಿಕದ ಮರೀನ್ ಬ್ಯಾಂಡ್ 1798ರಷ್ಟು ಹಳೆಯದು. ಆದರೆ ಅಂತರ್ಯುದ್ಧ ಮುಗಿದ ಮೇಲೆ ಸಂಗೀತದ ದೊಡ್ಡ ಹೊಳೆ ಬ್ಯಾರಕ್ಕಿನಿಂದ ಹೊರಗೆ ಹರಿಯಿತು: ಉದ್ಯಾನದ ಕಟ್ಟೆಗಳಿಗೆ, ಮೇಳಗಳಿಗೆ, ಸರ್ಕಸ್ಸಿಗೆ, ನೃತ್ಯದ ಅಂಗಳಕ್ಕೆ. ಐರ್ಲೆಂಡಿನಿಂದ ವಲಸೆ ಬಂದ ಪ್ಯಾಟ್ರಿಕ್ ಗಿಲ್ಮೋರ್ 1872ರಲ್ಲಿ ಬಾಸ್ಟನ್ನಿನಲ್ಲಿ ಭಾರಿ ಸಂಗೀತೋತ್ಸವ ಏರ್ಪಡಿಸಿ ಯುರೋಪಿನ ಬ್ಯಾಂಡ್‌ಗಳನ್ನು ಕರೆಸಿದರು. ಡ್ಯಾನ್ ಗಾಡ್‌ಫ್ರೀ ಅವರ ನಾಯಕತ್ವದಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ಬ್ಯಾಂಡ್ ಕೂಡ ಬಂದಿತ್ತು. ಸೇನಾ ಬ್ಯಾಂಡೊಂದು ಎಷ್ಟು ನಯವಾಗಿ ನುಡಿಸಬಹುದು ಎಂಬುದನ್ನು ಅಮೆರಿಕನ್ನರು ಅಲ್ಲಿ ಕಣ್ಣಾರೆ ಕಂಡರು. ಗಿಲ್ಮೋರ್ ಆಮೇಲೆ ನ್ಯೂಯಾರ್ಕಿನಲ್ಲಿ ಕಟ್ಟಿದ ಬ್ಯಾಂಡ್ ದೇಶವನ್ನೆಲ್ಲ ಸುತ್ತಿತು. 1892ರ ಸೆಪ್ಟೆಂಬರ್ 24ರಂದು ಗಿಲ್ಮೋರ್ ತೀರಿಕೊಂಡರು. ಎರಡೇ ದಿನಗಳ ಬಳಿಕ ಜಾನ್ ಫಿಲಿಪ್ ಸೂಸಾ ಅವರ ಹೊಸ ಬ್ಯಾಂಡ್ ಮೊದಲ ಕಛೇರಿ ಕೊಟ್ಟಿತು.

ಸೂಸಾ 1854ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದವರು. ತಂದೆ ಮರೀನ್ ಬ್ಯಾಂಡಿನಲ್ಲಿ ಟ್ರಾಂಬೋನ್ ವಾದಕ. ಹದಿಮೂರರ ಹುಡುಗ ಸರ್ಕಸ್ ಬ್ಯಾಂಡಿನ ಜೊತೆ ಓಡಿಹೋಗಲು ಹೊರಟಾಗ ತಂದೆ ಅವನನ್ನು ಕರೆದೊಯ್ದು ಮರೀನ್ ಬ್ಯಾಂಡಿಗೇ ಸೇರಿಸಿಬಿಟ್ಟರು. 1880ರಿಂದ 1892ರವರೆಗೆ ಅದೇ ಬ್ಯಾಂಡಿನ ನಾಯಕರಾದರು. ನಿಮ್ಮ ‘ಥಂಡರರ್’ ಆ ಕಾಲದ್ದು, 1889ರದು. ಅದೇ ವರ್ಷದ ‘ದ ವಾಷಿಂಗ್ಟನ್ ಪೋಸ್ಟ್’ ಆಗತಾನೆ ಹಬ್ಬುತ್ತಿದ್ದ ಟೂ-ಸ್ಟೆಪ್ ಎಂಬ ನೃತ್ಯಕ್ಕೆ ಹೇಳಿ ಮಾಡಿಸಿದಂತೆ ಹೊಂದಿಕೊಂಡು ಯುರೋಪನ್ನೂ ಕುಣಿಸಿತು. ಆ ಕೃತಿಯನ್ನು ಸೂಸಾ ಪ್ರಕಾಶಕರಿಗೆ ಮಾರಿದ್ದು 35 ಡಾಲರಿಗೆ. ಮುಂದೆ ಅವರು ಮಾರಾಟದಲ್ಲಿ ಪಾಲು ಸಿಗುವ ಗೌರವಧನದ ಕರಾರಿಲ್ಲದೆ ಪ್ರಕಾಶಕರಿಗೆ ಬರೆದುಕೊಡಲಿಲ್ಲ. ಸೇನೆ ಬಿಟ್ಟು ಸ್ವಂತ ಬ್ಯಾಂಡ್ ಕಟ್ಟಿ ನಲವತ್ತು ವರ್ಷದ ಹತ್ತಿರ ಊರೂರು ತಿರುಗಿದರು. ‘ಮಾರ್ಚ್ ಕಿಂಗ್’ ಎಂಬ ಬಿರುದನ್ನು ಅವರಿಗೆ ಮೊದಲು ಕೊಟ್ಟದ್ದು ಬ್ರಿಟನ್ನಿನ ಪತ್ರಿಕೆಯೊಂದು ಎಂಬುದನ್ನೂ ಹೇಳಲೇಬೇಕು.

ಇವರಿಬ್ಬರನ್ನು ಒಟ್ಟಿಗೆ ಇಟ್ಟು ನೋಡಿ. ಇಬ್ಬರೂ ಹುಡುಗರಾಗಿದ್ದಾಗಲೇ ಸೇನೆಯ ಬ್ಯಾಂಡಿಗೆ ಸೇರಿದವರು, ಇಬ್ಬರೂ ತಂತಮ್ಮ ದೇಶದ ಮರೀನ್ ಪಡೆಯ ಸಂಗೀತ ನಡೆಸಿದವರು. ಒಬ್ಬರು ಹೆಸರನ್ನು ಮರೆಮಾಡಿ ಬರೆಯಬೇಕಾಯಿತು. ಇನ್ನೊಬ್ಬರ ಹೆಸರು ಬ್ಯಾಂಡಿನ ಹೆಸರೇ ಆಯಿತು, ಒಂದು ವಾದ್ಯಕ್ಕೂ ಅಂಟಿಕೊಂಡಿತು; ಮೈಗೆ ಸುತ್ತಿಕೊಂಡಂತೆ ಇರುವ ಆ ದೊಡ್ಡ ಹಿತ್ತಾಳೆಯ ಸೂಸಾಫೋನ್. ಅಮೆರಿಕದಲ್ಲಿಯೂ ಪಡೆಗಳಿಗೆ ಅಧಿಕೃತ ಹಾಡುಗಳಿವೆ, 7ನೆಯ ಅಶ್ವದಳಕ್ಕೆ ‘ಗ್ಯಾರಿಓವನ್’ ಎಂಬ ಐರಿಷ್ ಧಾಟಿ ಅಂಟಿಕೊಂಡ ಹಾಗೆ ಕೆಲವು ರೆಜಿಮೆಂಟಿನ ಧಾಟಿಗಳೂ ಇವೆ. ಆದರೂ ಅಲ್ಲಿ ಸಾಮಾನ್ಯ ಕೇಳುಗರನ್ನು ಮಾರ್ಚ್ ಎಂದರೇನು ಎಂದು ಕೇಳಿದರೆ ಅವರು ರೆಜಿಮೆಂಟಿನ ಹೆಸರು ಹೇಳುವುದಿಲ್ಲ, ಸೂಸಾ ಎನ್ನುತ್ತಾರೆ.

ಇನ್ನು ರಚನೆಗೆ ಬರೋಣ. ನಿಮ್ಮ ಕಲಿಕೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮಾರ್ಚ್ ಒಂದು ಪುಟ್ಟ ಪೀಠಿಕೆಯಿಂದ ಶುರುವಾಗುತ್ತದೆ. ಅನಂತರ ಸಾಮಾನ್ಯವಾಗಿ 16 ಆವರ್ತಗಳ ಮೊದಲ ಚರಣ, ಎರಡು ಸಲ. ಹಾಗೆಯೇ ಎರಡನೆಯ ಚರಣ. ಬಳಿಕ ಟ್ರಯೊ ಎಂಬ ಭಾಗ. ಟ್ರಯೊಗೆ ಬಂದಾಗ ಶ್ರುತಿ ಬದಲಾಗುತ್ತದೆ. ಅದುವರೆಗಿನ ಶುದ್ಧ ಮಧ್ಯಮವೇ, ಅಂದರೆ ನಾಲ್ಕನೆಯ ಸ್ವರವಾದ ‘ಮ’ವೇ, ಹೊಸ ಷಡ್ಜ, ಹೊಸ ‘ಸ’ ಆಗುತ್ತದೆ. ಕಛೇರಿಯ ಕೊನೆಯ ಭಾಗದಲ್ಲಿ ಕುರಂಜಿ ರಾಗವನ್ನೋ ನವರೋಜನ್ನೋ ಮಧ್ಯಮ ಶ್ರುತಿಯಲ್ಲಿ ಹಾಡುತ್ತೇವಲ್ಲ, ಆಗ ಸಭೆಯಲ್ಲಿ ಬಿಗಿ ಸಡಿಲವಾಗಿ ಒಂದು ಬಗೆಯ ತಂಪು ಹರಡುತ್ತದೆ. ಟ್ರಯೊ ಮಾಡುವುದೂ ಅದನ್ನೇ. ಇಷ್ಟು ಎರಡೂ ದೇಶಗಳಿಗೆ ಸಮಾನ.

ಟ್ರಯೊ ಆದ ಮೇಲೆ ಏನು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಹಳೆಯ ಪದ್ಧತಿಯಲ್ಲಿ ಟ್ರಯೊ ಮುಗಿಸಿ ಮತ್ತೆ ಮೊದಲ ಚರಣಕ್ಕೆ, ಮೊದಲ ಷಡ್ಜಕ್ಕೆ ಮರಳುತ್ತಿದ್ದರು. ಪಲ್ಲವಿಗೆ ಮರಳಿದ ಹಾಗೆ. ಸೂಸಾ ಅವರ ಆರಂಭದ ಮಾರ್ಚ್‌ಗಳೂ ಹಾಗೆಯೇ ಇದ್ದವು. ಆಮೇಲೆ ಅವರು ಹಿಂದಿರುಗುವುದನ್ನು ಬಿಟ್ಟರು. ಟ್ರಯೊ ಒಮ್ಮೆ ಮೆಲುವಾಗಿ ಬರುತ್ತದೆ. ಬೆನ್ನಿಗೇ ಹಿತ್ತಾಳೆ ವಾದ್ಯಗಳು ಮೇಲೆ ಕೆಳಗೆ ಪರಸ್ಪರ ಕಚ್ಚಾಡುವ ಒಂದು ಭಾಗ. ಬ್ಯಾಂಡಿನವರು ಅದಕ್ಕೆ ಡಾಗ್‌ಫೈಟ್ ಎನ್ನುತ್ತಾರೆ. ಆ ಗದ್ದಲ ಇಳಿದಾಗ ಟ್ರಯೊ ಮತ್ತೆ ಬರುತ್ತದೆ, ಈ ಸಲ ಪೂರ್ಣ ಬಲದಿಂದ. 1896ರ ಕ್ರಿಸ್‌ಮಸ್ ದಿನ ಹಡಗಿನಲ್ಲಿ ಸೂಸಾ ಮನಸ್ಸಿನಲ್ಲೇ ರಚಿಸಿದ ‘ದ ಸ್ಟಾರ್ಸ್ ಆಂಡ್ ಸ್ಟ್ರೈಪ್ಸ್ ಫಾರೆವರ್’ ಇದಕ್ಕೆ ಮಾದರಿ. ಒಂದು ಸಲ ಟ್ರಯೊ ಬರಿದಾಗಿ, ಇನ್ನೊಂದು ಸಲ ಮೇಲೆ ಪಿಕೊಲೊ ಕೊಳಲಿನ ಚಿಲಿಪಿಲಿಯೊಂದಿಗೆ, ಕಡೆಗೆ ಕೆಳಗೆ ಟ್ರಾಂಬೋನ್‌ಗಳ ಪ್ರತಿಧಾಟಿಯೂ ಸೇರಿ. ಒಂದೇ ಧಾಟಿ, ಪ್ರತಿ ಸುತ್ತಿಗೂ ಒಂದೊಂದು ಹೊಸ ಪದರ. ಮುಗಿಯುವುದು ಮಧ್ಯಮದಲ್ಲೇ, ಹೊರಟ ಷಡ್ಜಕ್ಕೆ ವಾಪಸ್ಸಿಲ್ಲ. 1987ರಲ್ಲಿ ಅಮೆರಿಕ ಅದನ್ನು ರಾಷ್ಟ್ರೀಯ ಮಾರ್ಚ್ ಎಂದು ಘೋಷಿಸಿತು.

ಸೂಸಾ ಹೀಗೇಕೆ ಮಾಡಿದರು? ಅವರಿಗೆ ಚಪ್ಪಾಳೆ ಬೇಕಿತ್ತು, ಮರೆಯಲಾಗದ ಕೊನೆ ಬೇಕಿತ್ತು. ಇದನ್ನು ಸಣ್ಣತನವೆಂದು ನಾನು ಖಂಡಿತ ಭಾವಿಸುವುದಿಲ್ಲ. ಕುಳಿತು ಕೇಳುವವರಿಗಾಗಿ ಬರೆದಾಗ ಕೃತಿಗೆ ಏರುಗತಿ ಬೇಕೇ ಬೇಕು. ಬ್ರಿಟನ್ನಿನ ರೆಜಿಮೆಂಟಿನ ಮಾರ್ಚ್‌ಗೆ ಅದು ಬೇಡ. ಅಲ್ಲಿ ಪಡೆ ವೇದಿಕೆ ದಾಟುವವರೆಗೆ ಧಾಟಿ ಸುತ್ತುತ್ತಲೇ ಇರಬೇಕು. ಪಡೆ ದಾಟಿದ ಕೂಡಲೇ ನಿಲ್ಲಬೇಕು. ಬಾಸ್ ಡ್ರಮ್ಮಿನವನು ಜೋಡಿ ಪೆಟ್ಟು ಕೊಟ್ಟರೆ ಆ ಸಾಲಿನ ಕೊನೆಗೆ ಇಡೀ ಬ್ಯಾಂಡ್ ನಿಂತುಬಿಡುತ್ತದೆ. ಯಾವ ಸುತ್ತು ಕೊನೆಯದೆಂದು ಮೊದಲೇ ಗೊತ್ತಿಲ್ಲದಿದ್ದಾಗ ಕೊನೆಯ ಸುತ್ತಿಗೆಂದು ಬಲ ಕೂಡಿಡುವುದು ಹೇಗೆ?

ಬ್ರಿಟಿಷ್ ಮನಸ್ಸು ಕಛೇರಿಗಾಗಿ ಮಾರ್ಚ್ ಬರೆದಾಗಲೂ ಮನೆಗೆ ಮರಳುವ ಆಸೆ ಬಿಡುವುದಿಲ್ಲ. ಎಡ್ವರ್ಡ್ ಎಲ್ಗರ್ ಅವರ 1901ರ ‘ಪಾಂಪ್ ಆಂಡ್ ಸರ್ಕಮ್‌ಸ್ಟೆನ್ಸ್’ ಮೊದಲ ಮಾರ್ಚ್ ಸೇನೆಯದಲ್ಲ, ಸಿಂಫನಿ ವಾದ್ಯವೃಂದದ್ದು. ಆದರೂ ಈ ವಿಷಯಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಅದರ ಟ್ರಯೊ, ಅಂದರೆ ‘ಲ್ಯಾಂಡ್ ಆಫ್ ಹೋಪ್ ಆಂಡ್ ಗ್ಲೋರಿ’ ಎಂದು ಹಾಡುವ ಧಾಟಿ, ಮೊದಲ ಸಲ ಮಧ್ಯಮ ಶ್ರುತಿಯಲ್ಲೇ ಬರುತ್ತದೆ. ಆಮೇಲೆ ಆರಂಭದ ಭಾಗ ಮರಳುತ್ತದೆ, ಕೊನೆಯಲ್ಲಿ ಅದೇ ಧಾಟಿ ಮೂಲ ಷಡ್ಜದಲ್ಲಿ ಮೊಳಗುತ್ತದೆ. ಸೂಸಾ ಕೇಳುಗರನ್ನು ಹೊಸ ಊರಿಗೆ ಕರೆದೊಯ್ದು ಅಲ್ಲಿಯೇ ಬಿಡುತ್ತಾರೆ. ಎಲ್ಗರ್ ಹೊಸ ಊರಿನಲ್ಲಿ ಸಿಕ್ಕಿದ್ದನ್ನು ಹೊತ್ತು ಮನೆಗೆ ತರುತ್ತಾರೆ.

ಆಲ್ಫರ್ಡ್ ಇವೆರಡರ ನಡುವಿನವರು. ಅವರ ಕೊನೆಯ ಭಾಗಗಳು ಏರುತ್ತ ಹೋಗಿ ಸಿಡಿಯುವುದಿಲ್ಲ, ವಿಶಾಲವಾಗಿ ಹರಡಿಕೊಳ್ಳುತ್ತವೆ. ಮೇಲಿನ ಧಾಟಿಯ ಅಡಿಯಲ್ಲಿ ಯೂಫೋನಿಯಂ ಎಂಬ ಗಂಭೀರ ದನಿಯ ಹಿತ್ತಾಳೆ ವಾದ್ಯ ಅಷ್ಟೇ ಸುಂದರವಾದ ಇನ್ನೊಂದು ಧಾಟಿಯನ್ನು ಹಾಡುತ್ತಿರುತ್ತದೆ. ಎಷ್ಟೋ ಸಲ ಚರಣ ಎರಡನೆಯ ಬಾರಿಗೆ ಬಂದಾಗ ಮಾತ್ರ. ತೀರಾ ಮೆಲುವಾದ ಜಾಗಗಳೂ ಅವರಲ್ಲಿವೆ. ‘ದ ವ್ಯಾನಿಶ್ಡ್ ಆರ್ಮಿ’ ಕೇಳಿ. ಮೊದಲ ಮಹಾಯುದ್ಧದಲ್ಲಿ ಮಡಿದ ಮೊದಲ 1,00,000 ಬ್ರಿಟಿಷ್ ಸೈನಿಕರಿಗೆ ಅರ್ಪಿಸಿದ ಮಾರ್ಚ್ ಅದು. ನಡಿಗೆಯ ತಾಳ ಒಂದಿಷ್ಟೂ ತಪ್ಪುವುದಿಲ್ಲ, ಆದರೂ ಇಡೀ ಕೃತಿ ಶೋಕದಲ್ಲಿ ನೆನೆದಿದೆ. ಸೂಸಾ ಅವರ ನೂರಮೂವತ್ತಕ್ಕೂ ಹೆಚ್ಚು ಮಾರ್ಚ್‌ಗಳಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲುವಂಥದನ್ನು ನಾನು ಕಂಡಿಲ್ಲ. ಉತ್ಸಾಹದಲ್ಲಿ ಸೂಸಾ ಅವರನ್ನು ಮೀರಿಸುವವರಿಲ್ಲ. ಒಳಗಿನ ನೋವನ್ನು ಹೆಜ್ಜೆಯ ತಾಳಕ್ಕೆ ಕೂರಿಸುವುದರಲ್ಲಿ ಆಲ್ಫರ್ಡ್ ದೊಡ್ಡವರು.

ತಾಳ ಮತ್ತು ವೇಗದ ಬಗ್ಗೆ ನೀವು ಕೇಳಿದ್ದೀರಿ. ಅಮೆರಿಕದ ಸೇನೆಯ ಸಾಮಾನ್ಯ ನಡಿಗೆ ನಿಮಿಷಕ್ಕೆ 120 ಹೆಜ್ಜೆ. ಬ್ರಿಟನ್ನಿನಲ್ಲಿ ಗಾರ್ಡ್ಸ್ ಪಡೆಗಳು 116ರ ಆಸುಪಾಸಿನಲ್ಲಿ ನಡೆಯುತ್ತವೆ. ನಾಲ್ಕು ಹೆಜ್ಜೆಯ ಈ ಅಂತರ ಓದಲು ಅಲ್ಪ, ಕಿವಿಗೆ ಮಾತ್ರ ಸಾಕಷ್ಟು ದೊಡ್ಡದು. ಆದರೆ ಬ್ರಿಟಿಷರು ಯಾವಾಗಲೂ ನಿಧಾನ ಎಂದುಕೊಂಡರೆ ಲೈಟ್ ಇನ್‌ಫೆಂಟ್ರಿ ಮತ್ತು ರೈಫಲ್ಸ್ ಪಡೆಗಳನ್ನು ಕಂಡಾಗ ತಬ್ಬಿಬ್ಬಾಗಬೇಕಾದೀತು. ಅವರ ನಡಿಗೆ ನಿಮಿಷಕ್ಕೆ 140. ಇನ್ನೊಂದು ತುದಿಯಲ್ಲಿ ಅವರ ನಿಧಾನ ಮಾರ್ಚ್ ಇದೆ, ಅದರ ಅರ್ಧಕ್ಕಿಂತಲೂ ಕಡಿಮೆ ವೇಗದ್ದು. ಅಮೆರಿಕದ ಪರೇಡಿನಲ್ಲಿ ನಿಧಾನ ಮಾರ್ಚ್‌ಗೆ ಅಂಥ ಸ್ಥಾನವೇ ಇಲ್ಲ. ಎರಡೂ ದೇಶಗಳಲ್ಲಿ ಚತುರಶ್ರ ನಡೆಯ ಮಾರ್ಚ್‌ಗಳೂ ಇವೆ, ಹೆಜ್ಜೆಗೆ ಮೂರು ಎಣಿಕೆ ಬರುವ ತಿಶ್ರ ನಡೆಯ ಮಾರ್ಚ್‌ಗಳೂ ಇವೆ. ತಿಶ್ರ ನಡೆ ಸೂಸಾ ಅವರಲ್ಲಿ ನೃತ್ಯದ ಜಿಗಿತವಾಗುತ್ತದೆ. ‘ದ ವಾಷಿಂಗ್ಟನ್ ಪೋಸ್ಟ್’, ‘ದ ಲಿಬರ್ಟಿ ಬೆಲ್’ ಕೇಳಿ. ಬ್ರಿಟನ್ನಿನಲ್ಲಿ ಅದೇ ನಡೆ ‘ದ ಲಿಂಕನ್‌ಷೈರ್ ಪೋಚರ್’ನಂಥ ಜನಪದ ಹಾಡುಗಳಿಂದ ಬಂದದ್ದು, ಅದಕ್ಕೆ ಹಳ್ಳಿಯ ದಾರಿಯ ಲಯವಿದೆ.

ನಿಮ್ಮ ಮಕ್ಕಳ ನುಡಿಸಾಣಿಕೆಯಲ್ಲಿ ಯಾವುದು ತಪ್ಪುತ್ತಿದೆ ಎಂಬುದಕ್ಕೆ ಮುಖ್ಯ ಉತ್ತರ ಇಲ್ಲಿದೆ. ಸೂಸಾ ಅವರ ಮಾರ್ಚ್‌ಗಳಲ್ಲಿ ಅಚ್ಚಾದ ಹಾಳೆಯೇ ಸರ್ವಸ್ವವಲ್ಲ. ಸ್ವಂತ ಬ್ಯಾಂಡಿನಲ್ಲಿ ಅವರು ಹಾಳೆಯಲ್ಲಿಲ್ಲದ ಬದಲಾವಣೆಗಳನ್ನು ಬಾಯಿಮಾತಿನಲ್ಲೇ ಹೇಳಿ ಮಾಡಿಸುತ್ತಿದ್ದರು. ಎರಡನೆಯ ಚರಣ ಮೊದಲ ಬಾರಿ ಬಂದಾಗ ಕಾರ್ನೆಟ್, ಟ್ರಾಂಬೋನ್‌ಗಳು ಸುಮ್ಮನಿರುತ್ತಿದ್ದವು, ಪಿಕೊಲೊ, ಸಿಂಬಲ್ ಸದ್ದಿಲ್ಲ, ಕ್ಲ್ಯಾರಿನೆಟ್‌ಗಳು ಒಂದು ಸ್ಥಾಯಿ ಕೆಳಗೆ ಮೆಲುವಾಗಿ ನುಡಿಯುತ್ತಿದ್ದವು. ಎರಡನೆಯ ಬಾರಿಗೆ ಎಲ್ಲರೂ ಏರುದನಿಯಲ್ಲಿ. ಟ್ರಯೊ ಮೊದಲ ಬಾರಿ ಬಂದಾಗಲೂ ಹೀಗೆಯೇ. ಅವರ ಬಾಸ್ ಡ್ರಮ್ ವಾದಕ ಆಗಸ್ಟ್ ಹೆಲ್‌ಮೆಕ್ ಹಾಳೆಯಲ್ಲಿಲ್ಲದ ಒತ್ತುಗಳನ್ನು ಸರಿಯಾದ ಜಾಗದಲ್ಲಿ ಹೊಡೆಯುವುದಕ್ಕೇ ಹೆಸರಾಗಿದ್ದರು. ಒಳ್ಳೆಯ ಮೃದಂಗ ವಾದಕರು ಕೃತಿಯ ಸಾಹಿತ್ಯಕ್ಕೆ ತಕ್ಕಂತೆ ಒತ್ತು ಕೊಡುತ್ತಾರಲ್ಲ, ಅದೇ ವಿವೇಕ. ನಿಮ್ಮ ತಂಡ ಎಲ್ಲ ಚರಣಗಳನ್ನೂ ಎರಡು ಸಲ ಒಂದೇ ಬಲದಲ್ಲಿ ನುಡಿಸುತ್ತಿದ್ದರೆ ‘ಥಂಡರರ್’ ಸಪ್ಪೆಯಾಗುವುದು ಖಂಡಿತ.

‘ಕರ್ನಲ್ ಬೋಗಿ’ಗೆ ಇದರ ತದ್ವಿರುದ್ಧ ಎಚ್ಚರಿಕೆ ಬೇಕು. ಅಲ್ಲಿ ಡ್ರಮ್ಮಿನವರು ನಾಯಕರಾಗಬಾರದು. ವೇಗ 112ರಿಂದ 116, ಅದಕ್ಕಿಂತ ಹೆಚ್ಚು ಬೇಡ. ಮೊದಲ ಪ–ಗ ಕರೆಯನ್ನು ನಿರಾಳವಾಗಿ ನುಡಿಸಬೇಕು, ಅದರ ಹಿಂದೆ ಬರುವ ಉತ್ತರಕ್ಕೆ ಅವಸರ ಬೇಡ. ಯೂಫೋನಿಯಂ ನುಡಿಸುವ ಹುಡುಗ ಹುಡುಗಿಯರನ್ನು ಹಿಂದಿನ ಸಾಲಿನಲ್ಲಿ ಮುಚ್ಚಿಡಬೇಡಿ. ಪ್ರತಿಧಾಟಿ ಕೇಳಿಸದಿದ್ದರೆ ಬ್ರಿಟಿಷ್ ಮಾರ್ಚ್‌ನ ಅರ್ಧ ಸೊಗಸು ಹೋದಂತೆ. ಮಾರ್ಚ್ ಮುಗಿದ ಮೇಲೆ ಒಂದು ಕೊನೆಯ ಪೆಟ್ಟು ಬರುತ್ತದಲ್ಲ, ಅಮೆರಿಕದ ರೀತಿಯಲ್ಲಿ ಅದು ಚಿಕ್ಕದು, ಚಾಟಿಯ ಏಟಿನ ಹಾಗೆ ಚುರುಕು. ಬ್ರಿಟಿಷ್ ರೀತಿಯಲ್ಲಿ ಅದಕ್ಕೆ ಬರೆದಿರುವಷ್ಟು ಪೂರ್ತಿ ಕಾಲ ಕೊಟ್ಟು ನಿಲ್ಲಿಸುತ್ತಾರೆ. ಇದೊಂದನ್ನು ತಿದ್ದಿದರೂ ಎರಡು ಮಾರ್ಚ್‌ಗಳು ಬೇರೆ ಬೇರೆ ದೇಶದವು ಎಂದು ಪೋಷಕರಿಗೂ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಇವೆರಡರ ನಡುವೆ ಗೋಡೆ ಇದೆ ಎಂದು ತಿಳಿಯಬೇಡಿ. ಕೊಡುಕೊಳ್ಳುವಿಕೆ ಸದಾ ನಡೆದಿದೆ. ಅಮೆರಿಕದ ಮೇಯ್ನ್ ರಾಜ್ಯದ ಆರ್. ಬಿ. ಹಾಲ್ ಬರೆದ ‘ಟೆಂತ್ ರೆಜಿಮೆಂಟ್’ ಮಾರ್ಚ್ ಬ್ರಿಟನ್ನಿಗೆ ಹೋಗಿ ‘ಡೆತ್ ಆರ್ ಗ್ಲೋರಿ’ ಎಂಬ ಹೆಸರು ಪಡೆದು, ಗಣಿ ಮತ್ತು ಕಾರ್ಖಾನೆಯ ಕಾರ್ಮಿಕರು ಕಟ್ಟಿದ ಹಿತ್ತಾಳೆ ಬ್ಯಾಂಡ್‌ಗಳಿಗೆ ಅಚ್ಚುಮೆಚ್ಚಾಯಿತು. ಸೂಸಾ ‘ದ ರಾಯಲ್ ವೆಲ್ಚ್ ಫ್ಯೂಸಿಲಿಯರ್ಸ್’ ಎಂದು ಬ್ರಿಟನ್ನಿನ ಒಂದು ರೆಜಿಮೆಂಟಿಗೇ ಮಾರ್ಚ್ ಬರೆದರು. 1900ರಲ್ಲಿ ಚೀನಾದಲ್ಲಿ ಅಮೆರಿಕದ ಮರೀನ್‌ಗಳು ಆ ಪಡೆಯ ಜೊತೆ ಹೆಗಲೆಣೆಯಾಗಿ ಹೋರಾಡಿದ್ದರ ನೆನಪಿಗೆ. ಆಲ್ಫರ್ಡ್ 1942ರಲ್ಲಿ ಬರೆದ ‘ಈಗಲ್ ಸ್ಕ್ವಾಡ್ರನ್’ ಬ್ರಿಟನ್ನಿನ ವಾಯುಪಡೆಗೆ ಸೇರಿ ಹಾರಿದ ಅಮೆರಿಕದ ಸ್ವಯಂಸೇವಕರ ಗೌರವಕ್ಕೆ. ಎಲ್ಗರ್ ಅವರ ಆ ಟ್ರಯೊ 1905ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲ್ಗರ್ ಅವರಿಗೆ ಗೌರವ ಪದವಿ ಕೊಟ್ಟ ಸಮಾರಂಭದಲ್ಲಿ ಕೇಳಿಬಂತು. ಇಂದು ಅಮೆರಿಕದ ಶಾಲಾ ಕಾಲೇಜುಗಳ ಪದವಿ ಪ್ರದಾನ ಅದಿಲ್ಲದೆ ನಡೆಯುವುದು ವಿರಳ.

ನಮ್ಮ ದೇಶದ ಮಾತು. ಭಾರತೀಯ ಸೇನಾ ಬ್ಯಾಂಡ್‌ಗಳು ಬ್ರಿಟಿಷ್ ದಾರಿಯವು ಎಂಬುದರಲ್ಲಿ ಸಂದೇಹವಿಲ್ಲ. ರೆಜಿಮೆಂಟಿಗೊಂದು ಧಾಟಿ, ನಿಧಾನ ಮಾರ್ಚ್ ಮತ್ತು ವೇಗದ ಮಾರ್ಚ್, ಬ್ಯಾಗ್‌ಪೈಪ್ ತಂಡಗಳು, ದಂಡ ಹಿಡಿದು ಮುಂದೆ ನಡೆಯುವ ಡ್ರಮ್ ಮೇಜರ್, ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಜನವರಿ 29ರ ಬೀಟಿಂಗ್ ರಿಟ್ರೀಟ್, ಎಲ್ಲವೂ ಅಲ್ಲಿಂದ ಬಂದವು. ಆದರೆ ಬಂದದ್ದು ಬಂದ ಹಾಗೆಯೇ ಉಳಿಯಲಿಲ್ಲ. ಸ್ವತಂತ್ರ ಭಾರತದ ಮೊದಲ ಭಾರತೀಯ ದಂಡನಾಯಕರಾದ ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪ ಅವರ ಕಾಲದಲ್ಲಿ, 1950ರಲ್ಲಿ, ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಸೇನಾ ಸಂಗೀತ ವಿಭಾಗ ಶುರುವಾಯಿತು. ನೆಲ್ಲರ್ ಹಾಲ್ ಬ್ರಿಟನ್ನಿಗೆ ಏನಾಗಿತ್ತೋ ಪಚ್‌ಮಢಿ ನಮಗೆ ಅದಾಯಿತು. ಈಗ ಬೀಟಿಂಗ್ ರಿಟ್ರೀಟ್‌ನಲ್ಲಿ ಬ್ಯಾಂಡ್‌ಗಳು ಮರಳಿ ಹೋಗುವುದು ‘ಸಾರೇ ಜಹಾಂ ಸೆ ಅಚ್ಛಾ’ ಧಾಟಿಗೆ. ಆಜಾದ್ ಹಿಂದ್ ಫೌಜ್‌ನ ‘ಕದಂ ಕದಂ ಬಢಾಯೆ ಜಾ’ ಇಂದು ಸೇನೆಯ ವೇಗದ ಮಾರ್ಚ್. 14ನೆಯ ರೆಜಿಮೆಂಟ್ ‘ಸಾ ಇರಾ’ವನ್ನು ತನ್ನದಾಗಿಸಿಕೊಂಡ ಕತೆ ಇಲ್ಲಿ ಇನ್ನೊಂದು ರೀತಿಯಲ್ಲಿ ನಡೆದಿದೆ: ಬ್ರಿಟಿಷರ ವಿರುದ್ಧ ಹೋರಾಡಿದವರ ಹಾಡು ಬ್ರಿಟಿಷರಿಂದ ಬಂದ ಬ್ಯಾಂಡಿನಲ್ಲಿ ಮೊಳಗುತ್ತಿದೆ.

ನಿಮಗೆ ಹೆಚ್ಚು ಹತ್ತಿರವಾದ ಇನ್ನೊಂದು ನಂಟೂ ಇದೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಸುತ್ತ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ಕೇಳಿ ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳು ನಿಮಗೆ ಗೊತ್ತಿರುತ್ತವೆ. ‘ಸಂತತಂ ಪಾಹಿಮಾಂ’ ಎಂಬುದು ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯೇ. ನಿಮ್ಮ ಬ್ಯಾಂಡ್ ಮಕ್ಕಳಿಗೆ ಮೊದಲು ನೊಟ್ಟುಸ್ವರಗಳನ್ನು ಬಾಯಲ್ಲಿ ಹಾಡಿಸಿ, ಆಮೇಲೆ ವಾದ್ಯದಲ್ಲಿ ನುಡಿಸಲು ಹೇಳಿ. ಗಮಕವಿಲ್ಲದ ನೇರ ಸ್ವರ, ಸಮವಾದ ಹೆಜ್ಜೆಯ ಲಯ, ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗ, ಈ ಮೂರೂ ಅವುಗಳಿಂದ ತಾನಾಗಿ ಬರುತ್ತವೆ.

ಧ್ವನಿಮುದ್ರಣಗಳಿಗಾಗಿ ದೂರ ಹೋಗಬೇಕಿಲ್ಲ. ಅಮೆರಿಕದ ಮರೀನ್ ಬ್ಯಾಂಡ್ ಸೂಸಾ ಅವರ ಮಾರ್ಚ್‌ಗಳನ್ನು ಸಂಪುಟಗಳಾಗಿ ಧ್ವನಿಮುದ್ರಿಸಿ, ಸ್ವರಲಿಪಿಯ ಸಮೇತ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಎಲ್ಲಿ ಯಾವ ವಾದ್ಯ ಸುಮ್ಮನಿರಬೇಕು ಎಂಬ ಸೂಸಾ ಅವರ ಹಳೆಯ ಬಾಯಿಮಾತಿನ ಸೂಚನೆಗಳನ್ನೂ ಆ ಪ್ರತಿಗಳಲ್ಲಿ ಗುರುತು ಹಾಕಿದ್ದಾರೆ. ‘ಥಂಡರರ್’ನ ಪ್ರತಿಯನ್ನು ಇಳಿಸಿಕೊಂಡು ನಿಮ್ಮ ಹಾಳೆಯ ಪಕ್ಕ ಇಟ್ಟು ಹೋಲಿಸಿ. ಆಲ್ಫರ್ಡ್ ಅವರಿಗಾಗಿ ರಾಯಲ್ ಮರೀನ್ಸ್ ಬ್ಯಾಂಡಿನ ಯಾವುದೇ ಧ್ವನಿಮುದ್ರಣ ಆದೀತು. ಎರಡು ದಿನ ಅದನ್ನು ಬರಿದೆ ಕೇಳಿಸಿ, ಮೂರನೆಯ ದಿನ ಯೂಫೋನಿಯಂ ಮಕ್ಕಳಿಗೆ ಅವರ ಧಾಟಿಯನ್ನಷ್ಟೇ ಹಾಡಲು ಹೇಳಿ. ಉಳಿದವರೆಲ್ಲ ಅವರ ಸುತ್ತ ಮೆಲುವಾಗಿ ನುಡಿಸಲಿ.